ತಿರುಳಿನ ವಿಳಾಸ

"ಒಂದೇ ಒಂದು ಪದ ಅಕ್ಕ, ಅಷ್ಟೇ," ಎಂದು ನಾಳೆ ಸಾಹೇಬರು ತೋರುಬೆರಳನ್ನು ಎತ್ತಿ ಹಿಡಿದರು. ಪದ ಅದರ ತುದಿಯಲ್ಲೇ ಕೂತಿದೆಯೇನೋ ಎಂಬಂತೆ ಮೀಟಿಂಗ್ ಕೋಣೆಯಲ್ಲಿದ್ದವರೆಲ್ಲ ಆ ಬೆರಳನ್ನೇ ನೋಡಿದರು.

"ಹಾಕಲ್ಲ," ಎಂದಳು ಅಕ್ಕ.

ಕಂಪನಿಯಲ್ಲಿ ಅವಳಿಗಿಂತ ವಯಸ್ಸಾದವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅದರಲ್ಲಿ ಪ್ರೀತಿ ಎಷ್ಟು, ಅಂಜಿಕೆ ಎಷ್ಟು ಎಂದು ಯಾರೂ ಬಿಡಿಸಿ ನೋಡಿರಲಿಲ್ಲ. ನಾಳೆ ಸಾಹೇಬರು ಅವಳ ಮೇಲಧಿಕಾರಿ. ಏನು ಕೇಳಿದರೂ 'ನಾಳೆ ನೋಡೋಣ' ಎನ್ನುತ್ತಿದ್ದುದರಿಂದ ಆ ಹೆಸರು ಬಂದಿತ್ತು. ಅದು ಅವರ ಕಿವಿಗೂ ಬಿದ್ದಿತ್ತು, ಅವರು ಬೇಸರ ಮಾಡಿಕೊಂಡಿರಲಿಲ್ಲ. ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವ ಆ ಮನುಷ್ಯ ಇವತ್ತು ನೇರವಾಗಿ ಕೇಳುತ್ತಿದ್ದಾರೆಂದರೆ ಮೇಲಿನವರು ಯಾರೋ ಕಿವಿ ಹಿಂಡಿದ್ದಾರೆ ಎಂದೇ ಅರ್ಥ.

ಕಂಪನಿ ತಯಾರಿಸುತ್ತಿದ್ದದ್ದು ಬಾಗಿಲ ಪೆಟ್ಟಿಗೆಗಳನ್ನು. ಬಾಗಿಲಿನ ಪಕ್ಕದ ಗೋಡೆಗೆ ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆ. ಅದಕ್ಕೆ ಕಾರ್ಡು ತೋರಿಸಿದರೆ, ಇಲ್ಲವೇ ನಂಬರು ಒತ್ತಿದರೆ ಬೀಗ ತೆರೆಯುತ್ತದೆ. ಒಳಗಿರುವುದು ಒಂದು ಪುಟ್ಟ ಕಂಪ್ಯೂಟರು. ಅದರ ಎಲ್ಲ ಕೆಲಸಗಳ ಮೇಲೂ ಯಜಮಾನಿಕೆ ಮಾಡುವ ಸಾಫ್ಟ್‌ವೇರಿಗೆ ಕರ್ನಲ್ ಎಂದು ಹೆಸರು. ಕರ್ನಲ್ ಅಂದರೆ ತಿರುಳು, ಅಕ್ಕನ ಗುಂಪಿನಲ್ಲಿ ಎಲ್ಲರೂ ತಿರುಳು ಎಂದೇ ಹೇಳುತ್ತಿದ್ದರು. ತಿರುಳಿನ ಜವಾಬ್ದಾರಿ ಅಕ್ಕನದು.

ಪೆಟ್ಟಿಗೆಗೆ ಕರೆಂಟು ಬಂದಾಗಲೆಲ್ಲ ಈ ತಿರುಳು ಮೆಮೊರಿಯಲ್ಲಿ ಒಂದು ಜಾಗ ಹಿಡಿದು ಕೂರುತ್ತದೆ. ಪ್ರತಿಸಲವೂ ಅದೇ ಜಾಗದಲ್ಲಿ ಕೂತರೆ ಕಳ್ಳನಿಗೆ ಕೆಲಸ ಸುಲಭ. ಅಂಗಡಿಯಿಂದ ಒಂದು ಪೆಟ್ಟಿಗೆ ಕೊಂಡು ತಂದು, ಮನೆಯಲ್ಲಿ ಬಿಚ್ಚಿಕೊಂಡು ಕೂತು, ಬೀಗ ತೆರೆಯುವ ಆಜ್ಞೆ ಯಾವ ವಿಳಾಸದಲ್ಲಿದೆ ಎಂದು ಕಂಡುಕೊಂಡರೆ ಸಾಕು. ಆಮೇಲೆ ಊರಿನ ಯಾವ ಪೆಟ್ಟಿಗೆಯ ಸಾಫ್ಟ್‌ವೇರಿನಲ್ಲಿ ಸಣ್ಣ ತೂತು ಸಿಕ್ಕರೂ ನೇರ ಆ ವಿಳಾಸಕ್ಕೇ ಕೈ ಹಾಕಬಹುದು. ಅದಕ್ಕಾಗಿಯೇ ತಿರುಳು ಪ್ರತಿಸಲ ಎದ್ದಾಗಲೂ ಕಣ್ಣುಮುಚ್ಚಿ ಒಂದು ಹೊಸ ಜಾಗ ಆರಿಸಿಕೊಳ್ಳುವಂತೆ ಮಾಡಿರುತ್ತಾರೆ. ಕಳ್ಳ ಹಳೆಯ ವಿಳಾಸಕ್ಕೆ ಕೈ ಹಾಕಿದರೆ ಪೆಟ್ಟಿಗೆ ಕೆಟ್ಟು ನಿಲ್ಲುತ್ತದೆ. ಬಾಗಿಲು ಮಾತ್ರ ಮುಚ್ಚಿಯೇ ಇರುತ್ತದೆ.

ಈ ಏರ್ಪಾಟನ್ನು ನಿಲ್ಲಿಸಲು ಪೆಟ್ಟಿಗೆ ಏಳುವಾಗ ಓದಿಕೊಳ್ಳುವ ಸಾಲಿಗೆ ಒಂದೇ ಪದ ಸೇರಿಸಿದರೆ ಸಾಕು. ಆ ಪದಕ್ಕೆ ಅಕ್ಕನ ಗುಂಪಿನವರು ಇಟ್ಟ ಹೆಸರು 'ಕದಲಬೇಡ'. ಲ್ಯಾಬಿನಲ್ಲಿ ಪರೀಕ್ಷೆಗೆಂದು ಒಮ್ಮೊಮ್ಮೆ ಹಾಕುತ್ತಿದ್ದರು, ಕೆಲಸ ಮುಗಿದ ಕೂಡಲೇ ಅಳಿಸುತ್ತಿದ್ದರು. ನಾಳೆ ಸಾಹೇಬರು ಕೇಳುತ್ತಿದ್ದದ್ದು ಅದನ್ನು ಮಾರಾಟಕ್ಕೆ ಹೋಗುವ ಪೆಟ್ಟಿಗೆಗಳಿಗೂ, ಈಗಾಗಲೇ ಊರ ತುಂಬ ಗೋಡೆಗಳಲ್ಲಿ ಕೂತಿರುವ ಪೆಟ್ಟಿಗೆಗಳಿಗೂ ಹಾಕಬೇಕೆಂದು.

ಕಾರಣ ಕೇಳಿದರೆ ನಗು ಬರುವಂತಿತ್ತು. ಪೆಟ್ಟಿಗೆ ಕೆಟ್ಟು ನಿಂತಾಗ ತಾನು ಎಲ್ಲಿ ಎಡವಿದೆ ಎಂದು ವಿಳಾಸ ಸಮೇತ ಒಂದು ವರದಿ ಕಳಿಸುತ್ತದೆ. ಆ ವರದಿಗಳನ್ನು ಓದಿ ಜೋಡಿಸುವ ಪ್ರೋಗ್ರಾಮನ್ನು ಬರೆದವನು ಕಂಪನಿಯ ಧಣಿಯ ಭಾವಮೈದುನ. ವಿಳಾಸ ಬೇರೆ ಬೇರೆ ಇದ್ದರೆ ಅವನ ಪ್ರೋಗ್ರಾಮಿಗೆ ತಲೆ ಕೆಡುತ್ತಿತ್ತು. ಒಂದೇ ತಪ್ಪನ್ನು ನೂರು ತಪ್ಪೆಂದು ಎಣಿಸುತ್ತಿತ್ತು. ತಿರುಳು ಎಷ್ಟು ಸರಿದಿದೆ ಎಂಬುದು ವರದಿಯ ಕೊನೆಯಲ್ಲೇ ಇರುತ್ತದೆ, ವಿಳಾಸದಿಂದ ಅಷ್ಟನ್ನು ಕಳೆದರೆ ಮುಗಿಯಿತು, ಮಕ್ಕಳ ಲೆಕ್ಕ ಎಂದು ಅಕ್ಕ ಹೇಳಿ ನೋಡಿದ್ದಳು. ಧಣಿಯ ಭಾವಮೈದುನನಿಗೆ ಕಳೆಯುವ ಲೆಕ್ಕ ಹೇಳಿಕೊಡುವ ಧೈರ್ಯ ಯಾರಿಗೂ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಲು ಹೊರಟಿದ್ದರು.

"ಬಾಗಿಲು ಕಾಯೋ ಸಾಮಾನು ಮಾರ್ತೀವಿ ಸಾರ್ ನಾವು," ಎಂದಳು ಅಕ್ಕ. "ಅದು ಕದಲಲೇಬೇಕು. ಅದಕ್ಕೋಸ್ಕರ ನಾನು ಕದಲಲ್ಲ."

ಯಾರೋ ಕಿಸಕ್ಕೆಂದು ನಕ್ಕರು. ನಾಳೆ ಸಾಹೇಬರು ಬೆರಳು ಇಳಿಸಿ, ಸರಿ, ನಾಳೆ ನೋಡೋಣ ಎಂದರು.

ಅಕ್ಕನ ಮನೆ ಒಂದು ಬೇಕರಿಯ ಮೇಲೆ. ಬೀದಿಗೆ ಒಂದು ಬಾಗಿಲು, ಅಲ್ಲಿಂದ ನೇರ ಮೆಟ್ಟಿಲು, ಮೇಲೆ ಎರಡು ಕೋಣೆ ಮತ್ತು ಅಡುಗೆಮನೆ. ಬೀದಿ ಬಾಗಿಲಿನ ಪಕ್ಕದಲ್ಲಿದ್ದ ಕಪ್ಪು ಪೆಟ್ಟಿಗೆ ಅವಳದೇ ಕಂಪನಿಯದು. ಆ ಮನೆಯನ್ನು ಅವಳು ಹಿಡಿದದ್ದೇ ಅದನ್ನು ನೋಡಿ. ನೀರು ಬರುತ್ತದೋ ಇಲ್ಲವೋ, ಗಾಳಿ ಬೆಳಕು ಹೇಗೆ ಎಂದು ಅವಳು ಕೇಳಿರಲಿಲ್ಲ, ಹೀಗಾಗಿ ಬೆಳಗಿನ ಜಾವ ಬ್ರೆಡ್ಡಿನ ಪರಿಮಳದ ಜೊತೆ ಒಲೆಯ ಕಾವೂ ನೆಲದಿಂದ ಏರಿ ಬರುತ್ತದೆ ಎಂಬುದು ಬಂದ ಮೇಲೆ ಗೊತ್ತಾಯಿತು.

ಅವಳ ಜೊತೆ ಇದ್ದವಳು ತಂಗಿ. ತಂಗಿ ಗಂಡನ ಮನೆ ಬಿಟ್ಟು ಬಂದು ವರ್ಷಗಳಾಗಿದ್ದವು. ಬಂದಾಗ ಅವಳ ಎಡಗೈಯ ಎರಡು ಬೆರಳು ಸೊಟ್ಟಗಾಗಿದ್ದವು, ಈಗಲೂ ಸೂಜಿಗೆ ದಾರ ಪೋಣಿಸುವಾಗ ಅವು ಹೇಳಿದ ಮಾತು ಕೇಳುವುದಿಲ್ಲ. ಕೋರ್ಟು ಅವಳನ್ನು ಆ ಮದುವೆಯಿಂದ ಬಿಡಿಸಿತ್ತು, ಆತ ಬಿಟ್ಟಿರಲಿಲ್ಲ. ಮೊದಲು ಹಿಡಿದ ಮನೆಯ ಮುಂದೆ ಬಂದು ನಿಂತ. ಮನೆ ಬದಲಿಸಿದರು. ಅಲ್ಲಿಗೂ ಬಂದ. ಬಡಿಯುವುದಿಲ್ಲ, ಬೈಯುವುದಿಲ್ಲ, ಸುಮ್ಮನೆ ಎದುರಿಗೆ ನಿಂತಿರುತ್ತಿದ್ದ. ಪೊಲೀಸರಿಗೆ ಹೇಳಿದರೆ ರಸ್ತೆ ಎಲ್ಲರದ್ದಲ್ಲವೇ ಎಂದರು. ಫೋನು ಮಾಡಿ ಒಂದೇ ಮಾತು ಹೇಳುತ್ತಿದ್ದ: ಊರಿಗೆ ಬಂದವಳು ನೀರಿಗೆ ಬರಲೇಬೇಕು. ಒಂದು ಸಲ ಮೆಟ್ಟಿಲ ಮೇಲೂ ಬಂದಿದ್ದ. ಆವತ್ತು ಬಾಗಿಲಿಗೆ ಇದ್ದದ್ದು ಬರಿಯ ಚಿಲಕ, ತಂಗಿಯ ಹಣೆಯ ಮೇಲಿನ ಗುರುತು ಆವತ್ತಿನದು.

ಆಮೇಲೆ ಅಕ್ಕ ಈ ಮನೆ ಹಿಡಿದಳು. ತಂಗಿಗೆ ಮೊದಲಿನಿಂದ ಹಾಕಿದ್ದ ಕಟ್ಟಳೆಗಳನ್ನು ಇನ್ನೂ ಬಿಗಿ ಮಾಡಿದಳು. ದಿನಾ ಒಂದೇ ಬಸ್ಸು ಹತ್ತಬಾರದು. ಇಳಿಯುವ ನಿಲ್ದಾಣ ಒಂದು ದಿನ ಮುಂದಿನದು, ಒಂದು ದಿನ ಹಿಂದಿನದು. ಯಾರಿಗೂ ವಿಳಾಸ ಹೇಳಬಾರದು, ಅಮ್ಮನಿಗೂ. ತಂಗಿ ಬಟ್ಟೆ ಹೊಲಿಯುವವಳು, ಉದ್ದ ಕಡಿಮೆ ಮಾಡುವುದು, ಸೊಂಟ ಬಿಗಿ ಮಾಡುವುದು ಇಂಥ ರಿಪೇರಿಯಲ್ಲಿ ಕೈ ಪಳಗಿದವಳು. ಮನೆ ಬದಲಾದಾಗಲೆಲ್ಲ ಅವಳ ಅಂಗಡಿಯೂ ಬದಲಾಗುತ್ತಿತ್ತು. ಒಂದು ಕಡೆ ಗಿರಾಕಿಗಳು ಅವಳನ್ನೇ ಹುಡುಕಿ ಕೇಳುವಷ್ಟರಲ್ಲಿ ಅವಳು ಇನ್ನೊಂದು ಕಡೆ ಹೊಸಬಳಾಗಿ ಗುಂಡಿ ಹಾಕುತ್ತ ಕೂತಿರುತ್ತಿದ್ದಳು.

ಆ ಸಂಜೆ ತಂಗಿ ಮೆಷಿನ್ನಿನ ಮುಂದೆ ಕೂತು ಒಂದು ಕೋಟಿನ ತೋಳು ಬಿಚ್ಚುತ್ತಿದ್ದಳು. ಆಫೀಸಿನಲ್ಲಿ ಯಾರ ಜೊತೆ ಜಗಳ ಎಂದು ಕೇಳಿದಳು. ಅಕ್ಕನ ಮುಖ ನೋಡಿದರೆ ಅವಳಿಗೆ ಗೊತ್ತಾಗುತ್ತಿತ್ತು. ಅಕ್ಕ ಹೇಳಿದಳು. ತಿರುಳು ಜಾಗ ಬದಲಿಸುವುದೆಂದರೆ ಇಡೀ ಮನೆಯನ್ನೇ ಎತ್ತಿ ದಿನಾ ಬೇರೆ ಬೀದಿಯಲ್ಲಿ ಇಟ್ಟ ಹಾಗೆ, ಆದರೆ ಒಳಗಿನ ಸಾಮಾನು ಇದ್ದಲ್ಲೇ ಇರುತ್ತದೆ ಎಂದು ವಿವರಿಸಿದಳು.

ತಂಗಿ ತುಟಿಗಳ ನಡುವಿದ್ದ ಗುಂಡುಸೂಜಿ ತೆಗೆದಳು. "ಹಾಗಾದ್ರೆ ಕನ್ನಡಿ ಎಲ್ಲಿದೆ ಅಂತ ಒಬ್ಬ ಬಾಯಿ ಬಿಟ್ರೆ ಸಾಕು. ಒಲೆ ಎಲ್ಲಿದೆ, ಮಂಚ ಎಲ್ಲಿದೆ, ಎಲ್ಲ ಲೆಕ್ಕ ಹಾಕಬಹುದು."

ಅಕ್ಕನಿಗೆ ಹೆಮ್ಮೆಯೆನಿಸಿತು. ಇದನ್ನು ಅರ್ಥ ಮಾಡಿಸಲು ನಾಳೆ ಸಾಹೇಬರಿಗೆ ಚಿತ್ರ ಬರೆದು ತೋರಿಸಬೇಕಾಗಿತ್ತು. "ಅದಕ್ಕೇ ಯಾರೂ ಬಾಯಿ ಬಿಡಬಾರದು," ಎಂದಳು.

"ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅಂತಾರೆ. ನನ್ನ ಗಂಡನಿಗೆ ಮಾತ್ರ ನಾನು ಬೇಕೇ ಬೇಕು, ಏನು ಅದೃಷ್ಟ ನೋಡು," ಎಂದು ತಂಗಿ ಮತ್ತೆ ತೋಳಿಗೆ ಬಗ್ಗಿದಳು. ನಗುತ್ತಲೇ ಹೇಳಿದರೂ ಅಕ್ಕನಿಗೆ ನಗು ಬರಲಿಲ್ಲ. ಕದಲಬೇಡ ಎಂಬ ಆ ಪದವನ್ನು ಪೆಟ್ಟಿಗೆಗಳಿಗೆ ಕಳಿಸಿದರೆ ಅದು ಕೆಳಗಿನ ಬೀದಿ ಬಾಗಿಲಿಗೂ ಬಂದು ಸೇರುತ್ತದೆ ಎಂಬುದನ್ನು ಅವಳು ತಂಗಿಗೆ ಹೇಳಿರಲಿಲ್ಲ.

ಕೆಲವು ದಿನ ಯಾರೂ ಆ ಪದದ ಮಾತೆತ್ತಲಿಲ್ಲ. ಬದಲಿಗೆ ನಾಳೆ ಸಾಹೇಬರು ಅಕ್ಕನ ಮೇಜಿನ ಹತ್ತಿರ ಬಂದು, ನಿಮ್ಮ ಹಟವೇ ಗೆದ್ದಿತು, ತಿರುಳು ಕದಲುವ ಏರ್ಪಾಟು ಹಾಗೇ ಇರುತ್ತದೆ ಎಂದು ಹೇಳಿ ಹೋದರು. ಹೊರಗಿನ ತಪಾಸಣೆಯವರು ಬರುವವರಿದ್ದರು. ಅವರ ಒಪ್ಪಿಗೆ ಸಿಕ್ಕರೆ ಪೆಟ್ಟಿಗೆಗಳು ಆಸ್ಪತ್ರೆಗಳಿಗೂ ಹೆಣ್ಣುಮಕ್ಕಳ ಹಾಸ್ಟೆಲುಗಳಿಗೂ ಹೋಗಲಿದ್ದವು. ತಿರುಳಿನ ಭಾಗಕ್ಕೆ ಅಕ್ಕನ ಸಹಿ ಬೇಕಿತ್ತು. ಅಷ್ಟು ಸುಲಭವಾಗಿ ಗೆದ್ದದ್ದು ಅಕ್ಕನಿಗೆ ಒಗ್ಗಲಿಲ್ಲ. ಬಿಟ್ಟಿ ಬಂದ ಗೆಲುವನ್ನು ತಿರುಗಿಸಿ ನೋಡಬೇಕು ಎನ್ನುವವಳು ಅವಳು.

ತಿರುಗಿಸಿ ನೋಡಿದವನು ಇರುವೆ. ಪೆಟ್ಟಿಗೆಗಳನ್ನು ಪರೀಕ್ಷಿಸುವ ಸಣಕಲು ಮನುಷ್ಯ. ಎಲ್ಲಿ ಸಂದಿ ಸಿಕ್ಕರೂ ನುಗ್ಗುತ್ತಾನೆಂದು ಅವನಿಗೆ ಆ ಹೆಸರು. ಊಟದ ಹೊತ್ತಿಗೆ ಬಂದು ಅಕ್ಕನನ್ನು ಲ್ಯಾಬಿಗೆ ಕರೆದೊಯ್ದ. ಹೊಸ ಸಾಫ್ಟ್‌ವೇರು ಹಾಕಿದ ಒಂದು ಪೆಟ್ಟಿಗೆಯ ಕರೆಂಟು ತೆಗೆದ, ಮತ್ತೆ ಕೊಟ್ಟ. ಲ್ಯಾಬಿನ ಪರವಾನಗಿ ಇದ್ದವರಿಗೆ ಮಾತ್ರ ಕಾಣುವ ತಿರುಳಿನ ವಿಳಾಸ ಪರದೆಯ ಮೇಲೆ ಬಂತು. ಮತ್ತೆ ತೆಗೆದ, ಮತ್ತೆ ಕೊಟ್ಟ. ಅದೇ ವಿಳಾಸ. ಇನ್ನೊಂದು ಪೆಟ್ಟಿಗೆ ತಂದ. ಅದರಲ್ಲೂ ಅದೇ.

"ಕದಲೋದೇನೋ ಕದಲ್ತಿದೆ ಅಕ್ಕ," ಎಂದ ಇರುವೆ. "ಆದ್ರೆ ಪ್ರತಿಸಲ ಒಂದೇ ಕಡೆಗೆ."

ಯಾವ ಜಾಗಕ್ಕೆ ಹೋಗಬೇಕು ಎಂದು ತಿರುಳು ತಾನಾಗಿ ತೀರ್ಮಾನಿಸುವುದಿಲ್ಲ. ಪೆಟ್ಟಿಗೆಯ ಎಲೆಕ್ಟ್ರಾನಿಕ್ ಚಿಪ್‌ನೊಳಗಿನ ವಿದ್ಯುತ್ತಿನ ಗದ್ದಲದಿಂದ ಹೆಕ್ಕಿದ, ಯಾರೂ ಊಹಿಸಲಾಗದ ಒಂದು ಸಂಖ್ಯೆಯನ್ನು ಪ್ರತಿಸಲ ಅದರ ಕೈಗೆ ಕೊಡಬೇಕು. ಅದನ್ನು ಕೊಡುವ ಸಾಲನ್ನು ಯಾರೋ ತೆಗೆದು, ಅಲ್ಲಿ ಒಂದು ಸಂಖ್ಯೆಯನ್ನು ಕೈಯಾರೆ ಬರೆದಿದ್ದರು. ಅಕ್ಕ ಆ ಸಂಖ್ಯೆಯನ್ನು ನೋಡಿದಳು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದಳು. ಧಣಿಯ ಕಾರಿನ ನಂಬರು ಅದು. ಅವರ ಫೋನಿನ ಕೊನೆಯ ಅಂಕಿಗಳೂ ಅವೇ. ಅದು ಅವರ ಅದೃಷ್ಟದ ಸಂಖ್ಯೆ ಎಂದು ಕಂಪನಿಯ ಗೇಟು ಕಾಯುವವನಿಗೂ ಗೊತ್ತಿತ್ತು. ಊಹಿಸಲಾಗದ ಸಂಖ್ಯೆ ಬೇಕಾದ ಕಡೆ ಊರಿಗೆಲ್ಲ ಗೊತ್ತಿದ್ದ ಸಂಖ್ಯೆಯನ್ನು ಭಾವಮೈದುನ ಭಕ್ತಿಯಿಂದ ತಂದು ಕೂರಿಸಿದ್ದ.

ಅಕ್ಕ ನಕ್ಕುಬಿಟ್ಟಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇರುವೆಯೂ ನಕ್ಕ. ನಗು ನಿಂತ ಮೇಲೆ ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು. ಕದಲಬೇಡ ಎಂಬ ಪದ ಇದ್ದಿದ್ದರೆ ತಪಾಸಣೆಯವರ ಕಣ್ಣಿಗಾದರೂ ಬೀಳುತ್ತಿತ್ತು. ಇದು ಅದಕ್ಕಿಂತ ಕೆಟ್ಟದು. ಏರ್ಪಾಟು ಇದೆಯೇ ಎಂದು ಕೇಳಿದರೆ ಇದೆ ಎನ್ನುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ.

ನಾಳೆ ಸಾಹೇಬರಿಗೆ ಎಲ್ಲ ಗೊತ್ತಿತ್ತು. ತಪಾಸಣೆಗೆ ಬೇಕಾದದ್ದು ಏರ್ಪಾಟು ಇದೆ ಎಂಬ ಉತ್ತರ, ಅದು ಇದೆ, ಅದರ ಮೇಲೆ ಸಹಿ ಹಾಕಲು ನಿಮಗೇನು ಕಷ್ಟ ಎಂದರು. ಇದು ಸುಳ್ಳು ಎಂದಳು ಅಕ್ಕ. ಸುಳ್ಳಲ್ಲ, ಪೂರ್ತಿ ನಿಜವಲ್ಲ ಅಷ್ಟೇ ಎಂದರು ಅವರು. ಆಮೇಲೆ ಬಾಗಿಲು ಹಾಕಿಬಂದು, ದನಿ ತಗ್ಗಿಸಿ, ಈ ವಯಸ್ಸಿನಲ್ಲಿ ಬೇರೆ ಕೆಲಸ ಸಿಗುವುದು ಕಷ್ಟ ಎಂದೂ, ಮನೆಯಲ್ಲಿ ತಂಗಿಯ ಜವಾಬ್ದಾರಿ ಇದೆ ಎಂದು ಕೇಳಿದ್ದೇನೆ ಎಂದೂ ಹೇಳಿದರು. ತಂಗಿಯ ಮಾತು ಅವರ ಬಾಯಲ್ಲಿ ಬಂದದ್ದೇ ಅಕ್ಕನಿಗೆ ಸಾಕಾಯಿತು. ಅವಳು ಎದ್ದು, ಅವರು ಹಾಕಿದ್ದ ಬಾಗಿಲನ್ನು ತೆರೆದಿಟ್ಟು ಹೊರಗೆ ಬಂದಳು.

ಆದರೂ ಬಸ್ಸಿನಲ್ಲಿ ಕೂತಾಗ ಹೆದರಿಕೆ ಶುರುವಾಯಿತು. ಸಹಿ ಹಾಕದಿದ್ದರೆ ಕೆಲಸ ಹೋಗುತ್ತದೆ. ಹಾಕಿದರೆ ತಾನೇ ಕೈಯಾರೆ ಬೀದಿ ಬಾಗಿಲು ತೆರೆದಿಟ್ಟಂತೆ. ಸಹಿ ಹಾಕಿ, ಒಳಗೇ ಇದ್ದು, ಆಮೇಲೆ ಮೆಲ್ಲಗೆ ಸರಿಪಡಿಸಿದರೆ ಹೇಗೆ ಎಂದೂ ಯೋಚಿಸಿದಳು. ಹಾಗೆ ಯೋಚಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮನೆಗೆ ಬಂದರೆ ತಂಗಿ ದೀಪ ಹಾಕದೆ ಮೆಷಿನ್ನಿನ ಮುಂದೆ ಕೂತಿದ್ದಳು. ಮೆಷಿನ್ನು ಓಡುತ್ತಿರಲಿಲ್ಲ.

"ಬಂದಿದ್ದ," ಎಂದಳು.

ಬೇಕರಿಯ ಎದುರು ನಿಂತಿದ್ದನಂತೆ. ತಂಗಿ ಬರುವುದನ್ನು ನೋಡಿದ, ಒಂದು ಬನ್ನು ಕೊಂಡ, ಎದುರಿನ ಕಂಬಕ್ಕೆ ಒರಗಿ ನಿಧಾನವಾಗಿ ತಿಂದ. ಅವಳು ಬಾಗಿಲು ತೆರೆದು, ಒಳಗೆ ಬಂದು, ಮೆಟ್ಟಿಲು ಹತ್ತುವವರೆಗೂ ನೋಡುತ್ತಲೇ ಇದ್ದ. ಹೇಗೆ ಗೊತ್ತಾಯಿತು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಅಮ್ಮನಿಗೆ ಫೋನು ಮಾಡಿದಾಗ ತಿಳಿಯಿತು. ಆತನ ಅಕ್ಕ ಮೊನ್ನೆ ಅಮ್ಮನಿಗೆ ಫೋನು ಮಾಡಿ ಬಹಳ ಪ್ರೀತಿಯಿಂದ ಮಾತಾಡಿದ್ದಳು. ವಿಳಾಸ ನನಗೇ ಗೊತ್ತಿಲ್ಲವಲ್ಲಮ್ಮ, ನಾನೇನು ಹೇಳಲಿ ಎಂದು ಅಮ್ಮ ಅತ್ತಳು. ಮನೆಯ ಕೆಳಗೇ ಬೇಕರಿಯಂತೆ, ನನ್ನ ಮಕ್ಕಳು ಬೆಳಗೆದ್ದರೆ ಬ್ರೆಡ್ಡಿನ ವಾಸನೆಯಂತೆ ಎಂದಷ್ಟೇ ಹೇಳಿದ್ದಳು. ತಂಗಿ ಕೆಲಸ ಮಾಡುವ ಅಂಗಡಿಯ ಕಡೆಯ ಬಸ್ಸುಗಳು ಯಾವುವು ಎಂದು ಆತ ಅಲ್ಲಿ ಇಲ್ಲಿ ವಿಚಾರಿಸಿ ಮೊದಲೇ ತಿಳಿದುಕೊಂಡಿದ್ದ. ಆ ದಾರಿಗಳಲ್ಲಿ ಮೇಲೆ ಮನೆ ಇರುವ ಬೇಕರಿಗಳು ಎಷ್ಟಿರಲು ಸಾಧ್ಯ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಮ್ಮನನ್ನು ಬೈದು ಏನು ಪ್ರಯೋಜನ ಎಂದು ಅಕ್ಕ ಫೋನು ಇಟ್ಟಳು.

ಇಟ್ಟವಳೇ ಮಂಚದ ಕೆಳಗಿನ ಸೂಟ್‌ಕೇಸು ಎಳೆದಳು. ಊರಿನ ಆಚೆ ತುದಿಯಲ್ಲಿ ಇರುವೆಯ ಪರಿಚಯದವರ ಮನೆ ಖಾಲಿ ಇದೆ, ಈ ವಾರವೇ ಹೋಗಿಬಿಡೋಣ, ಅಂಗಡಿಗೆ ನಾಳೆಯಿಂದ ಹೋಗಬೇಡ, ನಾನು ಮಾತಾಡುತ್ತೇನೆ ಎಂದು ಒಂದೇ ಸಮನೆ ಹೇಳುತ್ತ ಬೀರುವಿನಿಂದ ಬಟ್ಟೆ ತೆಗೆದು ಹಾಕತೊಡಗಿದಳು. ತಂಗಿ ಎದ್ದು ಬಂದು, ಸೂಟ್‌ಕೇಸಿನಿಂದ ತನ್ನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಬೀರುವಿಗೆ ಇಟ್ಟಳು.

"ನಾನು ಬರಲ್ಲ ಅಕ್ಕ."

"ಹುಚ್ಚಾ ನಿನಗೆ?"

"ಆಫೀಸಲ್ಲಿ ನೀನು ಕದಲಲ್ಲ ಅಂತೀಯ. ಮನೆಗೆ ಬಂದು ನನಗೆ ಮಾತ್ರ ಕದಲು ಕದಲು ಅಂತೀಯ." ತಂಗಿಯ ದನಿ ಏರಲಿಲ್ಲ. "ನಿನ್ನ ತಿರುಳಿಗೇನು, ಎಲ್ಲಿ ಕೂತ್ರೂ ಅದರ ಕೆಲಸ ನಡೀತದೆ. ನನ್ನ ಕೆಲಸ ನಡೀಬೇಕಾದ್ರೆ ನಾನು ಎಲ್ಲಿದೀನಿ ಅಂತ ನಾಲ್ಕು ಜನಕ್ಕೆ ಗೊತ್ತಿರಬೇಕು. ಗೊತ್ತಿದ್ದಿದ್ರೆ ಆವತ್ತು ಮೆಟ್ಟಿಲ ಮೇಲೆ ನಾನು ಕೂಗಿದಾಗ ಯಾರಾದ್ರೂ ಬರ್ತಿದ್ರು."

ಆವತ್ತು ಯಾರೂ ಬಂದಿರಲಿಲ್ಲ ಎಂಬುದು ನಿಜವೇ. ಕೆಳಗಿನ ಮನೆಯವರಿಗೆ ಮೇಲೆ ಯಾರಿದ್ದಾರೆಂದೇ ತಿಳಿದಿರಲಿಲ್ಲ, ತಿಳಿಯಬಾರದೆಂದು ಕಟ್ಟಳೆ ಹಾಕಿದ್ದವಳು ಅಕ್ಕನೇ. ಬಾಗಿಲಾದರೂ ಭದ್ರ ಇದೆಯಲ್ಲ ಎಂದು ತಂಗಿ ಸಮಾಧಾನ ಹೇಳಿದಳು. ಆಗ ಅಕ್ಕ ಅದೃಷ್ಟದ ಸಂಖ್ಯೆಯ ಕಥೆಯನ್ನು ಹೇಳಲೇಬೇಕಾಯಿತು. ತಂಗಿ ಪೂರ್ತಿ ಕೇಳಿಸಿಕೊಂಡು, ಹಾಗಾದರೆ ನೀನು ನಿನ್ನ ಬಾಗಿಲು ನೋಡಿಕೋ, ಬೀದಿ ನನಗೆ ಬಿಡು ಎಂದಳು.

ತಪಾಸಣೆಯವರು ಬಂದ ದಿನ ಮೀಟಿಂಗ್ ಕೋಣೆಗೆ ಹೂದಾನಿ ಬಂದಿತ್ತು. ಹೊಸ ಪೆಟ್ಟಿಗೆಗಳನ್ನು ಸೀಲು ಹಾಕಿದ ರಟ್ಟಿನ ಡಬ್ಬಗಳಲ್ಲಿ ಗೋಡೆಗೆ ಒತ್ತಿ ಪೇರಿಸಿಟ್ಟಿದ್ದರು. ಬಂದವರು ಒಬ್ಬ ದಪ್ಪ ಗೃಹಸ್ಥರು, ನಿದ್ದೆಗಣ್ಣು, ಬಿಸ್ಕತ್ತಿನ ತಟ್ಟೆಯ ಕಡೆಗೇ ಗಮನ. ಧಣಿ ಮೇಜಿನ ತುದಿಯಲ್ಲಿ ಕೂತಿದ್ದರು, ಭಾವಮೈದುನ ಅವರ ಬಲಕ್ಕೆ. ನಾಳೆ ಸಾಹೇಬರು ಒಂದೊಂದೇ ಅಂಶ ಓದಿ ಹೇಳುತ್ತ ಬಂದರು. ತಿರುಳಿನ ವಿಳಾಸ ಪ್ರತಿಸಲ ಬದಲಾಗುವ ಏರ್ಪಾಟು ಎಂಬಲ್ಲಿಗೆ ಬಂದಾಗ ಇದೆ ಎಂದು ಓದಿ, ಸಹಿಗೆಂದು ಕಾಗದವನ್ನು ಅಕ್ಕನ ಕಡೆ ಸರಿಸಿದರು. ಸರಿಸುವಾಗ ಅವಳ ಮುಖ ನೋಡಲಿಲ್ಲ.

ಅಕ್ಕ ಕಾಗದವನ್ನು ಹಾಗೇ ಬಿಟ್ಟು ಎದ್ದಳು. ಬೋರ್ಡಿನ ಹತ್ತಿರ ಹೋಗಿ ಪೆನ್ನು ತೆಗೆದುಕೊಂಡು ಒಂದು ಉದ್ದನೆಯ ಸಂಖ್ಯೆ ಬರೆದಳು. ಕೊನೆಯ ಅಂಕಿಯನ್ನು ಅಳಿಸಿ ಇನ್ನೊಮ್ಮೆ ಬರೆದಳು.

"ಸಾರ್, ಅಲ್ಲಿರೋ ಡಬ್ಬಗಳಲ್ಲಿ ನಿಮಗೆ ಇಷ್ಟ ಬಂದದ್ದು ಒಂದು ತೆಗೀರಿ," ಎಂದಳು ತಪಾಸಣೆಯವರಿಗೆ. "ಇನ್ನೂ ಯಾರೂ ಕರೆಂಟು ಕೊಟ್ಟಿಲ್ಲ ಅದಕ್ಕೆ. ಅದರ ತಿರುಳು ಎಲ್ಲಿ ಹೋಗಿ ಕೂತ್ಕೊಳ್ಳುತ್ತೆ ಅಂತ ನಾನು ಆಗಲೇ ಬರೆದಿದೀನಿ."

ಅಕ್ಕ, ಇದೇನಿದು, ಇದೆಲ್ಲ ನಾಳೆ ನೋಡೋಣ ಎಂದು ನಾಳೆ ಸಾಹೇಬರು ಅರ್ಧ ಎದ್ದರು. ತಪಾಸಣೆಯವರು ಬಿಸ್ಕತ್ತನ್ನು ತಟ್ಟೆಗೆ ವಾಪಸು ಇಟ್ಟರು. ಅವರ ಕಣ್ಣಿನ ನಿದ್ದೆ ಎಲ್ಲಿಗೋ ಹೋಗಿತ್ತು. ಎದ್ದು ಹೋಗಿ, ಮೇಲಿನ ಡಬ್ಬಗಳನ್ನೆಲ್ಲ ಇಳಿಸಿ, ಎಲ್ಲಕ್ಕಿಂತ ಕೆಳಗಿನದನ್ನು ತಾವೇ ಎಳೆದು ತಂದು ಸೀಲು ಒಡೆದರು. ಇರುವೆ ಲ್ಯಾಬಿನ ಪರದೆಗೆ ತಂತಿ ಜೋಡಿಸಿ ಕರೆಂಟು ಕೊಟ್ಟ. ಪೆಟ್ಟಿಗೆ ಎದ್ದು ತನ್ನ ಸಾಲುಗಳನ್ನು ಓದಿಕೊಂಡಿತು. ವಿಳಾಸ ಬಂತು. ತಪಾಸಣೆಯವರು ಪರದೆ ನೋಡಿದರು, ಬೋರ್ಡು ನೋಡಿದರು, ಒಂದೊಂದೇ ಅಂಕಿಯನ್ನು ಬೆರಳಿಟ್ಟು ಓದಿದರು.

ಇದು ಹೇಗೆ ಎಂದು ಕೇಳಿದರು.

"ತಿರುಳಿಗೆ ಜಾಗ ತೋರಿಸೋ ಸಂಖ್ಯೆ ಎಲ್ಲಿಂದ ಬಂತು ಅಂತ ಧಣಿಯವರ ಕಾರು ನೋಡಿ ಹೇಳಬಹುದು ಸಾರ್, ಕೆಳಗೇ ನಿಂತಿದೆ," ಎಂದಳು ಅಕ್ಕ. "ಈ ಪೆಟ್ಟಿಗೆ ನನ್ನ ಮನೆ ಬಾಗಿಲಿಗೂ ಇದೆ. ಇಂಥದಕ್ಕೆ ನಾನು ಸಹಿ ಹಾಕಲ್ಲ. ಯಾರಾದ್ರೂ ಹಾಕಿದ್ರೆ, ಹೋದಲ್ಲೆಲ್ಲ ಹೀಗೇ ಬರೆದು ತೋರಿಸ್ತೀನಿ."

ಧಣಿಯ ಮುಖ ಕಪ್ಪಿಟ್ಟಿತು. ಭಾವಮೈದುನ ತನ್ನ ಫೋನಿನಲ್ಲಿ ಏನನ್ನೋ ಬಹಳ ಆಸಕ್ತಿಯಿಂದ ಓದತೊಡಗಿದ. ತಪಾಸಣೆಯವರು ತಮ್ಮ ಚೀಲ ಎತ್ತಿಕೊಂಡು, ಇದು ಸರಿಯಾಗುವವರೆಗೆ ಒಪ್ಪಿಗೆ ಇಲ್ಲ, ಹೊಸ ಸಾಫ್ಟ್‌ವೇರು ಒಂದೇ ಒಂದು ಬಾಗಿಲಿಗೂ ಹೋಗಕೂಡದು ಎಂದು ಹೇಳಿ, ಹೋಗುವ ಮುಂಚೆ ಬೋರ್ಡಿನ ಒಂದು ಫೋಟೋ ತೆಗೆದುಕೊಂಡರು.

ಅವರ ಕಾರು ಗೇಟು ದಾಟುವುದಕ್ಕೂ ನಾಳೆ ಸಾಹೇಬರು ಅಕ್ಕನ ಮೇಜಿನ ಮುಂದೆ ಬಂದು ನಿಲ್ಲುವುದಕ್ಕೂ ಸರಿಹೋಯಿತು. ನಾಳೆಯಿಂದ ಬರಬೇಡಿ ಎಂದರು. ಅವರು ಅಷ್ಟು ವರ್ಷ ಹೇಳಿದ ನಾಳೆಗಳಲ್ಲಿ ನಿಜವಾದ ನಾಳೆ ಇದೊಂದೇ ಎಂದು ಇರುವೆ ಆಮೇಲೆ ಎಲ್ಲರಿಗೂ ಹೇಳಿ ನಗಿಸಿದ. ಆಗ ಮಾತ್ರ ಅವನೂ ನಗಲಿಲ್ಲ. ಅಕ್ಕನ ಲೋಟವನ್ನು ತೊಳೆದು ತಂದು, ಹಳೆಯ ಕಾಗದದಲ್ಲಿ ಸುತ್ತಿ, ಅವಳ ಚೀಲಕ್ಕೆ ಇಟ್ಟುಕೊಟ್ಟ. ನಾನಿರುವವರೆಗೆ ಆ ಸಂಖ್ಯೆ ಹೊರಗೆ ಹೋಗಲ್ಲ ಅಕ್ಕ ಎಂದ.

ನಡುಮಧ್ಯಾಹ್ನದ ಬಸ್ಸಿನಲ್ಲಿ ಅವಳು ಎಂದೂ ಕೂತಿರಲಿಲ್ಲ. ಸೀಟೆಲ್ಲ ಖಾಲಿ. ಕೆಲಸ ಹೋದ ದುಃಖ ಇನ್ನೂ ಬಂದು ತಲುಪಿರಲಿಲ್ಲ; ಬಹಳ ವರ್ಷಗಳ ನಂತರ ಯಾರಿಗೋ ಚೆನ್ನಾಗಿ ಬೈದ ಸುಖ ಮಾತ್ರ ಮೈತುಂಬ ಇತ್ತು. ಮನೆಗೆ ತೀರ ಹತ್ತಿರದ ನಿಲ್ದಾಣದಲ್ಲೇ ಇಳಿದಳು.

ಬೀದಿಯ ತಿರುವಿನಿಂದಲೇ ಡ್ರಿಲ್ಲಿನ ಸದ್ದು ಕೇಳಿಸಿತು. ತಂಗಿ ಬೀದಿ ಬಾಗಿಲಿನ ಮುಂದೆ ಸ್ಟೂಲಿನ ಮೇಲೆ ನಿಂತು ಗೋಡೆಗೆ ತೂತು ಕೊರೆಯುತ್ತಿದ್ದಳು. ಬೇಕರಿಯವನು ಹಿಟ್ಟು ಮೆತ್ತಿದ ಕೈಯಲ್ಲಿ ಸ್ಟೂಲು ಹಿಡಿದಿದ್ದ, ಡ್ರಿಲ್ಲೂ ಅವನದೇ. ಅವನ ಹೆಂಡತಿ ಅಂಗಡಿಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ರಸ್ತೆಯ ಆಚೆ ನೋಡುತ್ತಿದ್ದಳು. ಗೋಡೆಗೆ ಒಂದು ಮರದ ಹಲಗೆ ಒರಗಿತ್ತು. ಅದರ ಮೇಲೆ ಹಳದಿ ಬಣ್ಣದ ದಪ್ಪ ಅಕ್ಷರಗಳಲ್ಲಿ ತಂಗಿಯ ಪೂರ್ತಿ ಹೆಸರು, ಮದುವೆಗೆ ಮುಂಚಿನದು. ಕೆಳಗೆ: ಬಟ್ಟೆ ಹೊಲಿಗೆ ಮತ್ತು ರಿಪೇರಿ, ಮೇಲಿನ ಮಹಡಿ, ಬೆಲ್ ಒತ್ತಿ.

"ಏನಕ್ಕಾ, ಇಷ್ಟು ಬೇಗ?" ಎಂದಳು ತಂಗಿ ಮೇಲಿನಿಂದಲೇ.

"ಕೆಲಸ ಹೋಯ್ತು."

"ಬಾಗಿಲು?"

"ಬಾಗಿಲು ಉಳೀತು."

ತಂಗಿ ತಲೆಯಾಡಿಸಿ, ಹಾಗಾದರೆ ಹಲಗೆ ಎತ್ತಿಕೊಡು ಎಂದಳು. ಕೊಡಲು ಬಗ್ಗಿದಾಗ ಅಕ್ಕನ ಕಣ್ಣು ರಸ್ತೆಯ ಆಚೆ ಬಿತ್ತು. ಕಂಬಕ್ಕೆ ಒರಗಿ ಆತ ನಿಂತಿದ್ದ. ಇಸ್ತ್ರಿ ಹಾಕಿದ ಅಂಗಿ, ಎದೆಯ ಮೇಲೆ ಕಟ್ಟಿದ ಕೈ. ಅಕ್ಕ ಹಲಗೆಯನ್ನು ಅರ್ಧಕ್ಕೇ ಹಿಡಿದು ನಿಂತಳು. ನಾನೂ ನೋಡಿದೆ, ಬೆಳಗಿನಿಂದ ಅಲ್ಲೇ ಇದ್ದಾನೆ, ಬಿಸಿಲು ಅವನಿಗೆ ಬೀಳುತ್ತದೆ ನಮಗಲ್ಲ ಎಂದಳು ತಂಗಿ.

ಬಲಗಡೆಯ ಮೊಳೆ ಬಿಗಿಯಾಯಿತು. ಎಡಗಡೆಯದಕ್ಕೆ ಮುಂಚೆ ಹಲಗೆ ನೇರ ಇದೆಯೋ ಇಲ್ಲವೋ ನೋಡಬೇಕಿತ್ತು. ನೀನು ಹತ್ತಿ ಹಿಡಿದುಕೋ, ನಾನು ದೂರದಿಂದ ನೋಡುತ್ತೇನೆ ಎಂದು ತಂಗಿ ಸ್ಟೂಲಿನಿಂದ ಇಳಿದಳು. ಅಕ್ಕ ಹತ್ತಿದಳು. ತಂಗಿ ಹಿಂದೆ ಹಿಂದೆ ಹೋಗಿ ರಸ್ತೆಯ ಅಂಚಿಗೆ ನಿಲ್ಲುತ್ತಾಳೆ ಎಂದುಕೊಂಡಿದ್ದಳು. ತಂಗಿ ನಿಲ್ಲಲಿಲ್ಲ. ಎರಡೂ ಕಡೆ ನೋಡಿ, ಒಂದು ಗಾಡಿಯನ್ನು ಮುಂದೆ ಬಿಟ್ಟು, ರಸ್ತೆ ದಾಟಿದಳು. ದಾಟಿ ನೇರ ಆ ಕಂಬದ ಹತ್ತಿರಕ್ಕೇ ಹೋಗಿ, ಆತನ ಪಕ್ಕದಲ್ಲಿ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಈ ಕಡೆ ಮುಖ ಮಾಡಿ ನಿಂತಳು.

ಆತ ಕೈ ಬಿಡಿಸಿ ನೆಟ್ಟಗಾದ. ಏನೋ ಹೇಳಿದ. ತಂಗಿ ಆ ಕಡೆ ತಿರುಗಲಿಲ್ಲ. ಸೊಟ್ಟಬೆರಳಿನ ಕೈಯನ್ನು ಹಣೆಗೆ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ, ಹಲಗೆಯನ್ನೇ ನೋಡಿದಳು. ಬೇಕರಿಯವನು ಸ್ಟೂಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ.

"ಎಡಗಡೆ ಒಂದು ಚೂರು ಮೇಲೆ," ಎಂದು ತಂಗಿ ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಅಕ್ಕ ಹಲಗೆಯ ಎಡತುದಿಯನ್ನು ಒಂದು ಚೂರು ಮೇಲೆ ಎತ್ತಿದಳು.